ನೈಸಾಗಿ ರುಬ್ಬಿದ ಮಾತು

ರಜೆಗೆಂದು ಹೊರದೇಶದಿಂದ ಬಂದಿದ್ದ ಮೊಮ್ಮಗಳು ಮೊನ್ನೆ ಸಂಜೆ ಅಡುಗೆಮನೆಗೆ ಹೋದಳು. ನನ್ನಾಕೆ ಗ್ರೈಂಡರಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಕಲ್ಲು ಗರಗರ ತಿರುಗುತ್ತಿತ್ತು. ಉದ್ದು, ಅಕ್ಕಿ, ಒಂದು ಚಿಟಿಕೆ ಮೆಂತ್ಯ ಎಲ್ಲಾ ಒಂದಾಗಿ ಬೆಳ್ಳಗೆ ಉಬ್ಬಿ ಅಂಚಿಗೆ ಏರುತ್ತಿತ್ತು. ಹುಡುಗಿ ಬಗ್ಗಿ ನೋಡಿ, "ಅಜ್ಜಿ, ನೈಸ್!" ಎಂದಳು.

ಅಜ್ಜಿ ಬೆರಳ ತುದಿಗೆ ಒಂದಿಷ್ಟು ಹಿಟ್ಟು ತಗೊಂಡು, ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಎಲ್ಲೇ ನೈಸು? ಇನ್ನೂ ತರಿ ತರಿ ಸಿಕ್ತಾ ಇದೆ. ಇನ್ನೊಂದು ಹತ್ತು ನಿಮಿಷ ತಿರುಗಬೇಕು" ಎಂದಳು.

ಮೊಮ್ಮಗಳು ನನ್ನ ಕಡೆ ತಿರುಗಿದಳು. ಹೊಗಳಿದ್ದಕ್ಕೆ ಅಜ್ಜಿ ಯಾಕೆ ಒಪ್ಪಲಿಲ್ಲ ಎನ್ನುವುದು ಅವಳ ಸಮಸ್ಯೆ. ಹಿಟ್ಟು ಆಗಿಲ್ಲದೆ ಇದ್ದರೂ ಆಗಿದೆ ಎಂದು ಈ ಹುಡುಗಿ ಯಾಕೆ ಹೇಳಿದಳು ಎನ್ನುವುದು ಅಜ್ಜಿಯ ಸಮಸ್ಯೆ. ಇಬ್ಬರೂ ಆಡಿದ್ದು ಒಂದೇ ಪದ. ನಾನು ಮಧ್ಯಸ್ಥಿಕೆ ವಹಿಸುವ ಬದಲು ನಿಘಂಟು ತರಲು ಎದ್ದೆ. ಅಡುಗೆಮನೆಯ ವ್ಯಾಜ್ಯಗಳಲ್ಲಿ ಇದೇ ಕ್ಷೇಮ ಎಂದು ನಲವತ್ತು ವರ್ಷದ ಸಂಸಾರ ನನಗೆ ಕಲಿಸಿದೆ.

ಇಂಗ್ಲಿಷಿನಲ್ಲಿ ಇದಕ್ಕಿಂತ ಸವೆದ ಗುಣವಾಚಕ ಇನ್ನೊಂದಿಲ್ಲ. ಊಟ ನೈಸ್, ಹವಾ ನೈಸ್, ಸೀರೆ ನೈಸ್, ಪಕ್ಕದ ಮನೆಯವರು ನೈಸ್. ಏನೂ ಹೇಳಲು ತೋಚದಿದ್ದಾಗ ಹೇಳುವ ಮಾತು. ಆದರೆ ನಮ್ಮ ಕನ್ನಡದಲ್ಲಿ ಈ ಪದಕ್ಕೆ ಇನ್ನೂ ಕೈಕೆಲಸ ಉಳಿದಿದೆ. ಹಿಟ್ಟು ನೈಸಾಗಿ ರುಬ್ಬಬೇಕು. ಬಡಗಿ ಉಪ್ಪುಕಾಗದ ಹಾಕಿ ಬಾಗಿಲನ್ನು ನೈಸ್ ಮಾಡುತ್ತಾನೆ. ಗಾರೆಯವನು ಗೋಡೆಯ ಮೇಲೆ ಅಂಗೈ ಆಡಿಸಿ "ನೈಸಾಗಿ ಬಂತು ನೋಡಿ ಸಾರ್" ಎನ್ನುತ್ತಾನೆ. ತಮಿಳರ ಅಡುಗೆಮನೆಯಲ್ಲೂ ಹಿಟ್ಟು ನೈಸಾಗಿಯೇ ಅರೆಯಬೇಕು. ಅಂದರೆ ನಮಗೆ ನೈಸ್ ಎನ್ನುವುದು ಬೆರಳಿಗೆ ಸಿಗುವ ಗುಣ. ಮುಟ್ಟಿ ನೋಡಿ ತೀರ್ಮಾನಿಸುವಂಥದ್ದು.

ಇಷ್ಟಕ್ಕೇ ನಿಂತಿಲ್ಲ. "ನೈಸ್ ಮಾಡೋದು" ಎಂಬ ಕ್ರಿಯಾಪದವನ್ನೂ ನಾವು ತಯಾರಿಸಿಕೊಂಡಿದ್ದೇವೆ. ಇಂಗ್ಲಿಷಿನವನಿಗೆ ಹೇಳಿದರೆ ಅವನಿಗೆ ತಲೆಬುಡ ತಿಳಿಯುವುದಿಲ್ಲ. ನನ್ನ ಚಿಕ್ಕಪ್ಪ ಒಬ್ಬರಿದ್ದರು, ಈಗಿಲ್ಲ. ಅವರು ಸಾಲ ಕೇಳಲು ಬಂದ ದಿನ ಬಾಗಿಲಲ್ಲೇ ಗೊತ್ತಾಗಿಬಿಡುತ್ತಿತ್ತು. ಮೊದಲು ರಂಗೋಲಿ ಹೊಗಳುವರು. ಒಳಗೆ ಬಂದು ಕಾಫಿ ಹೊಗಳುವರು. ಆಮೇಲೆ ನಮ್ಮಮ್ಮನ ತವರುಮನೆಯ ಹಲಸಿನಹಣ್ಣನ್ನು ನೆನೆಯುವರು. ಹಲಸಿನಹಣ್ಣಿಗೆ ಬರುವ ಹೊತ್ತಿಗೆ ಅಮ್ಮ, "ನೈಸ್ ಮಾಡಿದ್ದು ಸಾಕು ಮಾರಾಯ, ಎಷ್ಟು ಬೇಕು ಹೇಳು" ಎನ್ನುತ್ತಿದ್ದಳು. ಅವರು ಹೇಳುತ್ತಿದ್ದರು, ತಗೊಂಡು ಹೋಗುತ್ತಿದ್ದರು. ಮನೆಯ ಸಮಾರಂಭ ಮುಗಿದು ಕುರ್ಚಿ ಮಡಚುವ ಹೊತ್ತಿಗೆ ಮಾತ್ರ ಅವರೇ ನೈಸಾಗಿ ಜಾರಿಕೊಂಡಿರುತ್ತಿದ್ದರು. ನೋಡಿ, ಈ "ನೈಸಾಗಿ" ಇನ್ನೊಂದು. ಸದ್ದಿಲ್ಲದೆ, ಯಾರಿಗೂ ತಿಳಿಯದ ಹಾಗೆ, ಹಿಟ್ಟಿನಿಂದ ಕೈ ಜಾರುವ ಹಾಗೆ.

ನನ್ನ ಊಹೆ ಏನೆಂದರೆ, ಇಂಗ್ಲಿಷಿನ ನೈಸ್ ನಮ್ಮ ಮನೆಗೆ ಬಂದಾಗ ಇಲ್ಲಿ ಆಗಲೇ "ನಯ" ಎಂಬ ಪದ ಕೂತಿತ್ತು. ನಯವಾದ ಬಟ್ಟೆ, ನಯವಾದ ಮಾತು, ನಯವಂಚಕ. ನುಣುಪು, ವಿನಯ, ಮೋಸ ಮೂರನ್ನೂ ನಿಭಾಯಿಸಿದ ಅನುಭವ ಅದಕ್ಕಿತ್ತು. ಹೊಸಬ ಬಂದು ಪಕ್ಕದಲ್ಲಿ ಕೂತ, ದನಿಯೂ ಹತ್ತಿರ ಹತ್ತಿರ, ಹಳಬ ತನ್ನ ಕೆಲಸದಲ್ಲಿ ಅರ್ಧ ಹಂಚಿಕೊಟ್ಟ. ಇದು ಊಹೆ ಅಷ್ಟೆ. ಪದಗಳ ಜಾತಕ ಬರೆಯುವಾಗ ಊಹೆಗೂ ಸತ್ಯಕ್ಕೂ ನಡುವೆ ಒಂದು ಬೇಲಿ ಇಟ್ಟುಕೊಳ್ಳಬೇಕು ಎಂದು ಪಾ.ವೆಂ. ಆಚಾರ್ಯರ "ಪದಾರ್ಥ ಚಿಂತಾಮಣಿ" ಓದಿ ಬೆಳೆದ ನನ್ನಂಥವರಿಗೆ ಗೊತ್ತು. ಬೇಲಿ ಹಾರುವ ಚಪಲವೂ ಗೊತ್ತು.

ನಿಘಂಟು ತೆಗೆದೆ ಎಂದೆನಲ್ಲ. ಅದರಲ್ಲಿ ನೈಸ್‌ನ ಹುಟ್ಟೂರನ್ನು ಮೊಮ್ಮಗಳಿಗೆ ತೋರಿಸಿದಾಗ ಅವಳ ಕಣ್ಣು ಅಗಲವಾಯಿತು. ಈ ಪದದ ಮೂಲ ಅರ್ಥ: ದಡ್ಡ.

ಲ್ಯಾಟಿನ್ನಿನಲ್ಲಿ "ಸ್ಕೀರೆ" ಎಂದರೆ ತಿಳಿ. ಅದರ ಹಿಂದೆ "ನೆ" ಎಂಬ ನಿಷೇಧ ಸೇರಿದರೆ "ನೆಸ್ಕಿಯುಸ್", ಏನೂ ತಿಳಿಯದವನು. ರೋಮಿನ ಸಾಮ್ರಾಜ್ಯ ಹೋದ ಮೇಲೆ ಲ್ಯಾಟಿನ್ನು ಊರಿಗೊಂದು ರೂಪವಾಗಿ ಒಡೆಯಿತಲ್ಲ, ಆಗ ಫ್ರಾನ್ಸಿನ ಬಾಯಲ್ಲಿ ನೆಸ್ಕಿಯುಸ್ ಸವೆದು ಸವೆದು ಎರಡು ಮೊಳದಿಂದ ಒಂದು ಗೇಣಿಗೆ ಇಳಿದು ನೈಸ್‌ನ ಹಳೆಯ ರೂಪವಾಯಿತು. ಅರ್ಥ ಮಾತ್ರ ಹಾಗೇ ಇತ್ತು: ಪೆದ್ದ, ಹುಂಬ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ದೊರೆಗಳ ಜೊತೆ ದೊರೆಗಳ ಮಾತೂ ಕಡಲು ದಾಟಿತು. ನ್ಯಾಯಾಲಯದ ಪದ, ಅಡುಗೆಯ ಪದ, ಬಟ್ಟೆಯ ಪದ ಸಾವಿರಗಟ್ಟಲೆ ಬಂದವು. ಬೈಗುಳ ಬಾರದೆ ಇರುತ್ತದೆಯೇ? 1300ರ ಸುಮಾರಿಗೆ ಇಂಗ್ಲಿಷಿನಲ್ಲಿ ಯಾರನ್ನಾದರೂ ನೈಸ್ ಎಂದರೆ ಅವನಿಗೆ ತಲೆಯಲ್ಲಿ ಮೆದುಳಿಲ್ಲ ಎಂದರ್ಥ. ಅದೇ ಶತಮಾನದ ಕೊನೆಯಲ್ಲಿ ಬರೆದ ಚಾಸರ್ ಕೂಡ ಅದೇ ಅರ್ಥದಲ್ಲಿ ಬಳಸಿದ್ದಾನೆ.

ಆ ಪದದ ಒಬ್ಬ ಅಣ್ಣ ಸ್ಪೇನಿನಲ್ಲಿ ಉಳಿದುಕೊಂಡ. ಅವನ ಹೆಸರು "ನೆಸಿಯೊ". ಇವತ್ತಿಗೂ ಅವನು ದಡ್ಡನೇ, ಜೊತೆಗೆ ಹಟಮಾರಿ. ಒಂದೇ ತಾಯಿಯ ಮಕ್ಕಳು, ಒಬ್ಬ ಊರಲ್ಲೇ ಉಳಿದು ದಡ್ಡ ಎನಿಸಿಕೊಂಡ, ಇನ್ನೊಬ್ಬ ಸೀಮೆಗೆ ಹೋಗಿ ದೊಡ್ಡ ಮನುಷ್ಯನಾದ. ನಮ್ಮ ಕಡೆ ಇಂಥ ಸಂಸಾರಗಳಿಗೆ ಬರವಿಲ್ಲ, ಹಾಗಾಗಿ ನಮಗೆ ಆಶ್ಚರ್ಯವಾಗಬೇಕಾಗಿಲ್ಲ.

ಆದರೆ ದಡ್ಡ ಒಳ್ಳೆಯವನಾದದ್ದು ಹೇಗೆ? ಒಂದೇ ರಾತ್ರಿಯಲ್ಲಿ ಆದದ್ದಲ್ಲ, ಸುಮಾರು ಐನೂರು ವರ್ಷ ಹಿಡಿಯಿತು. ಮೊದಲು ದಡ್ಡ. ದಡ್ಡನ ಕೈಗೆ ದುಡ್ಡು ಬಂದರೆ ಏನು ಮಾಡುತ್ತಾನೆ? ಬಟ್ಟೆಗೆ ಸುರಿಯುತ್ತಾನೆ, ಶೋಕಿ ಮಾಡುತ್ತಾನೆ. ಹಾಗಾಗಿ ನೈಸ್ ಎಂದರೆ ಶೋಕಿಲಾಲ ಎಂದಾಯಿತು, ಸ್ವಲ್ಪ ದಿನ ಲಂಪಟ ಎಂದೂ ಆಯಿತು. ಶೋಕಿಲಾಲನಿಗೆ ಯಾವುದೂ ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ. ಈ ಕಾಲರು ಸರಿಯಿಲ್ಲ, ಆ ಗುಂಡಿ ಸರಿಯಿಲ್ಲ. ಹಾಗಾಗಿ ನೈಸ್ ಎಂದರೆ ನಾಜೂಕಿನವನು, ಎಲ್ಲದರಲ್ಲೂ ಕುಂದು ಹುಡುಕುವವನು. ಕುಂದು ಹುಡುಕುವವನ ಕಣ್ಣು ಚುರುಕಾಗಿರಬೇಕು, ಎಳೆ ಎಳೆ ಬಿಡಿಸಿ ನೋಡಬೇಕು. ಹಾಗಾಗಿ 16ನೆಯ ಶತಮಾನದ ಹೊತ್ತಿಗೆ ನೈಸ್ ಎಂದರೆ ಸೂಕ್ಷ್ಮ, ನಿಖರ, ಕೂದಲೆಳೆಯಷ್ಟು ತೆಳ್ಳನೆಯ ವ್ಯತ್ಯಾಸ. ಸೂಕ್ಷ್ಮ ರುಚಿಯವನು ತಿನ್ನುವುದು ಒಳ್ಳೆಯದೇ ಇರಬೇಕಲ್ಲ, 18ನೆಯ ಶತಮಾನದಲ್ಲಿ ತಿಂಡಿ ನೈಸ್ ಆಯಿತು. ತಿಂಡಿಯಿಂದ ಹಿತವಾದದ್ದಕ್ಕೆಲ್ಲ ಹಬ್ಬಿತು. 19ನೆಯ ಶತಮಾನದಲ್ಲಿ ಕನಿಕರವಿರುವ ಮನುಷ್ಯನೂ ನೈಸ್ ಆದ.

ಈ ಕಥೆಯನ್ನು ನಾನು ಮೆಟ್ಟಿಲು ಮೆಟ್ಟಿಲಾಗಿ ಹೇಳಿದೆ. ನಿಜದಲ್ಲಿ ಅಷ್ಟು ಅಚ್ಚುಕಟ್ಟಾಗಿ ನಡೆಯಲಿಲ್ಲ. ಹಳೆಯ ಅರ್ಥ ಜಾಗ ಖಾಲಿ ಮಾಡುವ ಮೊದಲೇ ಹೊಸದು ಗಂಟುಮೂಟೆ ಸಮೇತ ಬಂದು ನಡುಮನೆಯಲ್ಲಿ ಕೂತಿರುತ್ತಿತ್ತು. ಷೇಕ್ಸ್‌ಪಿಯರ್ "ರೋಮಿಯೋ ಅಂಡ್ ಜೂಲಿಯೆಟ್"ನ ಕೊನೆಯ ಅಂಕದಲ್ಲಿ ಇದೇ ಪದವನ್ನು "ಕ್ಷುಲ್ಲಕ" ಎಂಬ ಅರ್ಥದಲ್ಲಿ ಬಳಸುತ್ತಾನೆ. ರೋಮಿಯೋಗೆ ತಲುಪದೇ ಹೋದ ಕಾಗದ ಕ್ಷುಲ್ಲಕದ್ದಲ್ಲ ಎನ್ನುವ ಕಡೆ. 16, 17ನೆಯ ಶತಮಾನದ ಎಷ್ಟೋ ವಾಕ್ಯಗಳಲ್ಲಿ ಬರೆದವನು ಯಾವ ನೈಸ್ ಹೇಳುತ್ತಿದ್ದಾನೆ ಎಂದು ಹೇಳುವುದು ಕಷ್ಟ ಎಂದು ಆಕ್ಸ್‌ಫರ್ಡ್ ನಿಘಂಟಿನವರೇ ಕೈಚೆಲ್ಲಿದ್ದಾರೆ. ಪಾಪ, ಅಂಥ ಕಾಲದಲ್ಲಿ ಪ್ರೇಮಪತ್ರ ಬರೆದವರ ಗತಿ ಏನಾಗಿರಬೇಕು! ನೀನು ಬಹಳ ನೈಸ್ ಎಂದು ಬರೆದರೆ ಆ ಕಡೆಯವರು ಹಿಗ್ಗಬೇಕೋ ಕುಗ್ಗಬೇಕೋ.

ಜೇನ್ ಆಸ್ಟೆನ್‌ಗೆ ಈ ಪದದ ಅತಿಬಳಕೆ ಕಂಡರೆ ನಗು. ಅವರ "ನಾರ್ತ್ಯಾಂಗರ್ ಅಬ್ಬಿ" ಕಾದಂಬರಿ ಅವರು ತೀರಿಕೊಂಡ ವರ್ಷದ ಕೊನೆಗೆ, 1817ರ ಡಿಸೆಂಬರಿನಲ್ಲಿ ಹೊರಬಂತು. ಅದರಲ್ಲಿ ಕ್ಯಾಥರಿನ್ ಎಂಬ ಹುಡುಗಿ ಒಂದು ಪುಸ್ತಕವನ್ನು ನೈಸ್ ಎನ್ನುತ್ತಾಳೆ. ಹೆನ್ರಿ ಟಿಲ್ನಿ ಎಂಬ ತರುಣ ಅವಳನ್ನು ಹಿಡಿದು ಆಡಿಸುತ್ತಾನೆ: ಈ ಪದ ಹಿಂದೆ ಅಚ್ಚುಕಟ್ಟು, ನಾಜೂಕು ಎನ್ನುವುದಕ್ಕೆ ಮೀಸಲಿತ್ತು, ಈಗ ಪ್ರಪಂಚದ ಎಲ್ಲಕ್ಕೂ ಅದೊಂದೇ ಎಂಬ ಧಾಟಿಯಲ್ಲಿ. ಹೆನ್ರಿಗೆ ಇನ್ನೂ ಐನೂರು ವರ್ಷ ಹಿಂದಿನ ಅರ್ಥ ಹೇಳಿಬಿಟ್ಟಿದ್ದರೆ ಅವನೂ ಬಾಯಿ ಮುಚ್ಚುತ್ತಿದ್ದ. ಪದಗಳ ಶುದ್ಧಿ ಕಾಯುವವರ ಪಾಡು ಯಾವಾಗಲೂ ಇದೇ. ತಮ್ಮ ಅಜ್ಜನ ಕಾಲದ ಅರ್ಥವೇ ಮೂಲ ಎಂದು ಹಟ ಹಿಡಿಯುತ್ತಾರೆ, ಅಜ್ಜನ ಅಜ್ಜನನ್ನು ಕೇಳುವುದಿಲ್ಲ.

ಇಷ್ಟು ಕೇಳಿದ ಮೊಮ್ಮಗಳು, "ಇಂಗ್ಲಿಷ್ ಈಸ್ ಸೋ ವಿಯರ್ಡ್" ಎಂದಳು. ನಾನು ಅಂದೆ, ಇರು ಮಗೂ, ನಮ್ಮ ಮನೆಯದ್ದೂ ಸ್ವಲ್ಪ ಕೇಳು.

"ಮುಗ್ಧ" ಎಂಬ ಪದ ತಗೊಳ್ಳಿ. ಮುಗ್ಧ ನಗು, ಮುಗ್ಧ ಮಗು, ಮುಗ್ಧ ಸೌಂದರ್ಯ ಎಂದು ಎಷ್ಟು ಮುದ್ದಾಗಿ ಹೇಳುತ್ತೇವೆ. ಸಂಸ್ಕೃತದ "ಮುಹ್" ಎಂಬ ಧಾತುವಿಗೆ ದಿಕ್ಕು ತಪ್ಪು, ಮಂಕಾಗು, ಮೈಮರೆ ಎಂದರ್ಥ. ಮೋಹ ಬಂದದ್ದು ಅಲ್ಲಿಂದಲೇ. ಆ ಧಾತುವಿಗೆ ಭೂತಕೃದಂತ ರೂಪ ಎರಡು: ಒಂದು ಮೂಢ, ಇನ್ನೊಂದು ಮುಗ್ಧ. ಅವಳಿ ಮಕ್ಕಳು! ಮೂಢ ಇದ್ದಲ್ಲೇ ಇದ್ದ, ಇವತ್ತಿಗೂ ನಂಬಿಕೆಗಳ ಹಿಂದೆ ಅಂಟಿಕೊಂಡು ಬೈಸಿಕೊಳ್ಳುತ್ತಿದ್ದಾನೆ. ಮುಗ್ಧ ಮಾತ್ರ ದಡ್ಡತನದಿಂದ ಏನೂ ಅರಿಯದ ಎಳೆತನಕ್ಕೆ, ಅಲ್ಲಿಂದ ಚೆಲುವಿಗೆ ಏರಿದ. ಅಲಂಕಾರಶಾಸ್ತ್ರದವರು ನಾಯಕಿಯರಲ್ಲಿ ಮುಗ್ಧಾ, ಮಧ್ಯಾ, ಪ್ರಗಲ್ಭಾ ಎಂದು ಮೂರು ಬಗೆ ಮಾಡಿ, ಪ್ರೇಮದ ಪಾಠ ಈಗಷ್ಟೇ ಕಲಿಯುತ್ತಿರುವವಳಿಗೆ ಮುಗ್ಧೆಯ ಪಟ್ಟ ಕೊಟ್ಟರು. ಸ್ಪೇನಿನ ನೆಸಿಯೊ ಮತ್ತು ಲಂಡನ್ನಿನ ನೈಸ್ ಅವರ ಕಥೆಯೇ ಇದು, ಊರು ಬೇರೆ ಅಷ್ಟೆ. ಸಂಸ್ಕೃತದವರು ಲ್ಯಾಟಿನ್ನಿನವರನ್ನು ಕೇಳಿ ಮಾಡಿದ್ದಲ್ಲ. ಏನೂ ತಿಳಿಯದವರನ್ನು ಕಂಡರೆ ಮೊದಲು ಸಿಡುಕಿ ಆಮೇಲೆ ಮುದ್ದು ಮಾಡುವುದು ಎಲ್ಲಾ ಊರಿನ ದೊಡ್ಡವರ ಅಭ್ಯಾಸ.

ಅಚ್ಚ ಕನ್ನಡದಲ್ಲೂ ಇದೇ. "ಏನೂ ಅರಿಯದ ಮಗು" ಎಂದು ಹೇಳುವಾಗ ಮಗುವಿಗೆ ಪಾಠ ಬಾರದು ಎಂದು ನಾವು ದೂರುತ್ತಿದ್ದೇವೆಯೇ? "ಪಾಪ" ಎಂಬುದನ್ನೇ ನೋಡಿ. ನರಕಕ್ಕೆ ಕಳಿಸುವ ಪದ, ನಮ್ಮ ಬಾಯಲ್ಲಿ ಕನಿಕರದ ಉದ್ಗಾರ. ಮಂಗಳೂರು ಕಡೆ ಹೋದರೆ "ಅವ ಪಾಪದವ" ಎನ್ನುತ್ತಾರೆ, ಅವನೇನೂ ಪಾಪ ಮಾಡಿದವನಲ್ಲ, ಬಡವ, ಯಾರ ತಂಟೆಗೂ ಹೋಗದವ. ಘಟ್ಟದ ಮೇಲಿನವನೊಬ್ಬ ಮೊದಲ ಸಲ ಅಲ್ಲಿ ಹೆಣ್ಣು ನೋಡಲು ಹೋಗಿ, "ಹುಡುಗಿಯ ಅಪ್ಪ ಪಾಪದವರು" ಎಂದು ಕೇಳಿಸಿಕೊಂಡರೆ ಗಾಬರಿಯಾದಾನು.

ಇನ್ನು ಮೇಲಿನಿಂದ ಕೆಳಗೆ ಬಿದ್ದ ಪದಗಳೂ ಇವೆ. ಇಂಗ್ಲಿಷಿನಲ್ಲಿ ನೈಸ್ ಮೆಟ್ಟಿಲು ಹತ್ತುತ್ತಿದ್ದಾಗ ಎದುರಿಗೆ ಇಳಿಯುತ್ತಾ ಬಂದವನು "ಸಿಲ್ಲಿ". ಹಳೆಯ ಇಂಗ್ಲಿಷಿನಲ್ಲಿ ಅದರ ಪೂರ್ವಜನಿಗೆ ಭಾಗ್ಯವಂತ, ದೇವರ ಕೃಪೆಗೆ ಪಾತ್ರ ಎಂದರ್ಥ. ಜರ್ಮನರು "ಸೇಲಿಗ್" ಎಂದು ಈಗಲೂ ಆ ಅರ್ಥದಲ್ಲೇ ಹೇಳುತ್ತಾರೆ. ಧನ್ಯ ಮೊದಲು ನಿಷ್ಪಾಪಿಯಾದ, ಆಮೇಲೆ ಅಯ್ಯೋ ಪಾಪ ಎನಿಸಿಕೊಂಡ, ಆಮೇಲೆ ದುರ್ಬಲ, 16ನೆಯ ಶತಮಾನದ ಹೊತ್ತಿಗೆ ಪೆದ್ದ. ನೈಸ್ ಮತ್ತು ಸಿಲ್ಲಿ ಮೆಟ್ಟಿಲಲ್ಲಿ ಎದುರಾಗಿ ನಮಸ್ಕಾರ ಹೇಳಿಕೊಂಡಿರಬೇಕು.

ಸಿಲ್ಲಿಯ ಭಾರತೀಯ ಬಂಧು ಸಾಕ್ಷಾತ್ ಚಕ್ರವರ್ತಿ. ರಾಯಚೂರು ಜಿಲ್ಲೆಯ ಮಸ್ಕಿ ಗೊತ್ತಲ್ಲ? 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರಿಗೆ ಅಲ್ಲಿ ಒಂದು ಬಂಡೆಯ ಮೇಲೆ ಬರಹ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ದೇಶದ ಉದ್ದಗಲಕ್ಕೂ ಸಿಕ್ಕಿದ್ದ ಶಾಸನಗಳಲ್ಲಿ ದೊರೆ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಕರೆದುಕೊಂಡಿದ್ದನೇ ಹೊರತು ಸ್ವಂತ ಹೆಸರು ಹೇಳಿರಲಿಲ್ಲ. ಮಸ್ಕಿಯ ಬಂಡೆ ಆ ಬಿರುದಿನ ಪಕ್ಕದಲ್ಲೇ ಅಶೋಕ ಎಂದು ಹೇಳಿತು. ದೇವತೆಗಳಿಗೆ ಪ್ರಿಯನಾದವನು ಅಶೋಕನೇ ಎಂದು ಕಲ್ಲೇ ಸಾಕ್ಷಿ ನುಡಿಯಿತು. ಇಷ್ಟು ದೊಡ್ಡ ಬಿರುದು ಸಂಸ್ಕೃತ ಪಂಡಿತರ ಕೈಗೆ ಸಿಕ್ಕಿ ಏನಾಯಿತು ಗೊತ್ತೇ? ಭಟ್ಟೋಜಿ ದೀಕ್ಷಿತರ "ಸಿದ್ಧಾಂತ ಕೌಮುದಿ" ತೆರೆದರೆ, ದೇವಾನಾಂಪ್ರಿಯ ಎಂದರೆ ಮೂರ್ಖ ಎಂದಿದೆ. ಶಂಕರಾಚಾರ್ಯರೂ ಬ್ರಹ್ಮಸೂತ್ರ ಭಾಷ್ಯದಲ್ಲಿ ಎದುರಾಳಿಯನ್ನು ಈ ಹೆಸರಿನಿಂದ ಚುಚ್ಚುತ್ತಾರೆ. ಬೌದ್ಧ ದೊರೆಯ ಮೇಲಿನ ಅಸಮಾಧಾನ ಇದಕ್ಕೆ ಕಾರಣ ಎಂದು ಕೆಲವರು, ಛೆ ಹಾಗೇನಿಲ್ಲ ಎಂದು ಕೆಲವರು ವಾದಿಸಿದ್ದಾರೆ. ನನಗಂತೂ ಇದರಲ್ಲಿ ರಾಜಕೀಯಕ್ಕಿಂತ ಮನೆಮಾತಿನ ವ್ಯಂಗ್ಯ ಕಾಣುತ್ತದೆ. ಲೆಕ್ಕದಲ್ಲಿ ಸೊನ್ನೆ ತಂದ ಹುಡುಗನನ್ನು ನಾವು "ಬಾರಪ್ಪ ಬೃಹಸ್ಪತಿ" ಎಂದು ಕರೆಯುವುದಿಲ್ಲವೇ? ದೇವಗುರುವಿನ ಮೇಲೆ ನಮಗೇನು ದ್ವೇಷ?

ಮಾತು ಎಲ್ಲಿಗೋ ಹೋಯಿತು. ನೈಸ್‌ನ ಬೇರು ಲ್ಯಾಟಿನ್ನಿಗೇ ನಿಲ್ಲುವುದಿಲ್ಲ, ಇನ್ನೂ ಕೆಳಗಿದೆ. ಅಲ್ಲಿಯೇ ನಮಗೆ ಒಂದು ನೆಂಟಸ್ತಿಕೆ ಹತ್ತುತ್ತದೆ.

1786ರ ಫೆಬ್ರವರಿಯಲ್ಲಿ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶ ಮಾಡಿದ ಭಾಷಣ ಪ್ರಸಿದ್ಧ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಎಂದ ಆತ. ಆಮೇಲೆ ಬಂದ ಪಂಡಿತರು ಪದ ಪದ ಜೋಡಿಸಿ ಆ ಕಳೆದುಹೋದ ತಾಯಿಭಾಷೆಯ ಬೇರುಗಳನ್ನು ಊಹಿಸಿ ಕಟ್ಟಿದರು. ಅವರ ಲೆಕ್ಕದಲ್ಲಿ "ನೆಸ್ಕಿಯುಸ್" ಒಳಗಿನ "ನೆ" ಸಂಸ್ಕೃತದ "ನ" ಎಂಬ ನಿಷೇಧದ ಸೋದರ. ನಾಸ್ತಿಕನಲ್ಲಿರುವ "ನ". ಇಂಗ್ಲಿಷಿನ ನೋ, ನಾಟ್, ನೆವರ್ ಎಲ್ಲಾ ಅದೇ ಮನೆಯವು. ಇನ್ನು "ಸ್ಕೀರೆ". ತಿಳಿ ಎನ್ನುವ ಈ ಕ್ರಿಯೆಯ ಆದಿಮೂಲ ಕತ್ತರಿಸು, ಸೀಳು, ಬೇರ್ಪಡಿಸು ಎಂಬ ಅರ್ಥದ ಬೇರು ಎಂದು ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರ ಅಭಿಪ್ರಾಯ. ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ನೋಡಬಲ್ಲವನಿಗೆ ತಿಳಿದಿದೆ ಎಂದರ್ಥ.

ಆ ಬೇರಿನ ಚಿಗುರು ಸಂಸ್ಕೃತದಲ್ಲಿ "ಛಿದ್". ಗ್ರೀಕ್ ಲ್ಯಾಟಿನ್ನುಗಳಲ್ಲಿ "ಸ್ಕ" ಇರುವ ಕಡೆ ಸಂಸ್ಕೃತದಲ್ಲಿ "ಛ" ಬರುವುದುಂಟು. ನಮ್ಮ ಛಾಯೆ ಗ್ರೀಕರಲ್ಲಿ "ಸ್ಕಿಯಾ", ಅದರ ಅರ್ಥವೂ ನೆರಳೇ. ಹಾಗೆ ಛಿದ್ರ, ಛೇದ, ಪರಿಚ್ಛೇದ, ಅವಿಚ್ಛಿನ್ನ, ಎಲ್ಲವೂ ನೈಸ್‌ನ ದೂರದ ದಾಯಾದಿಗಳು. ಪ್ರೈಮರಿ ಶಾಲೆಯಲ್ಲಿ ಭಿನ್ನರಾಶಿ ಲೆಕ್ಕ ಮಾಡುವಾಗ ಮೇಲೆ ಅಂಶ, ಕೆಳಗೆ ಛೇದ ಎಂದು ಬರೆದು ಬೆತ್ತದ ಏಟು ತಿಂದವರೆಲ್ಲ ಈ ಬೇರನ್ನು ಮುಟ್ಟಿದವರೇ. ಇಂಗ್ಲಿಷಿನ ಕಡೆ ಬಂದರೆ ಸೈನ್ಸ್, ಕಾನ್ಷಿಯನ್ಸ್ ಲ್ಯಾಟಿನ್ನಿನ ಮೂಲಕ ಬಂದವು. ಗ್ರೀಕಿನ ಸೀಳು ಎಂಬ ಪದದಿಂದ ಬಂದದ್ದು ಸ್ಕಿಝೋಫ್ರೇನಿಯಾ, 1908ರಲ್ಲಿ ಬ್ಲಾಯ್ಲರ್ ಎಂಬ ಸ್ವಿಸ್ ವೈದ್ಯ ಇಟ್ಟ ಹೆಸರು. ಹಿಮದ ಮೇಲೆ ಜಾರುವ ಸ್ಕೀ ಎಂದರೆ ಮೂಲದಲ್ಲಿ ಸೀಳಿದ ಮರದ ಪಟ್ಟಿ. ಇನ್ನೂ ಒಂದಿದೆ. ದಿನಾ ಬೆಳಿಗ್ಗೆ ದೇಹದಿಂದ ಬೇರ್ಪಡುವ ವಸ್ತುವಿಗೆ ಇಂಗ್ಲಿಷಿನವರು ಇಟ್ಟಿರುವ ನಾಲ್ಕಕ್ಷರದ ಹೆಸರೂ ಈ ಬೇರಿನದ್ದೇ. ಮೊಮ್ಮಗಳ ಮುಂದೆ ಅದನ್ನು ಹೇಳಲಿಲ್ಲ, ಅವಳಿಗೆ ಗೊತ್ತಿರುವ ಹಾಗೆ ಕಂಡಿತು.

ನಮ್ಮ ನ್ಯಾಯಾಲಯದ ವಿಚ್ಛೇದನಕ್ಕೂ ಕಾಲೇಜಿನ ಸೈನ್ಸಿಗೂ ಒಂದೇ ಮುತ್ತಜ್ಜಿ ಎನ್ನುವುದನ್ನು ಸೈನ್ಸ್ ಓದಿದ ನನ್ನ ಮಗನಿಗೆ ಹೇಳಿದರೆ ಅವನು ನಂಬಲಿಲ್ಲ. ತಿಳಿಯುವುದು ಎಂದರೆ ಕತ್ತರಿಸುವುದು ಎಂಬುದೇ ಅವನಿಗೆ ವಿಚಿತ್ರವೆನಿಸಿತು. ಅವನು ಅವನ ಅಜ್ಜಿ ಕೇರುವುದನ್ನು ನೋಡಿಲ್ಲ, ಅದಕ್ಕೆ. ನನ್ನಮ್ಮ ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕಾಲು ಚಾಚಿ ಕೂತು ಮೊರ ಹಿಡಿಯುತ್ತಿದ್ದಳು. ಮಣಿಕಟ್ಟು ಒಂದು ಸಲ ಮೇಲಕ್ಕೆ ಹಾರಿಸಿದರೆ ತೌಡು ಗಾಳಿಗೆ ಹೋಗುತ್ತಿತ್ತು. ಎಡಕ್ಕೊಂದು ಸಲ ವಾಲಿಸಿದರೆ ನುಚ್ಚು ಒಂದು ಕಡೆ, ಅಕ್ಕಿ ಒಂದು ಕಡೆ. ಕೊನೆಗೆ ಮೊರದ ತುದಿಗೆ ಬಂದು ಕೂತ ಕಲ್ಲುಗಳನ್ನು ಎರಡು ಬೆರಳಿನಲ್ಲಿ ಎತ್ತಿ ಅಂಗಳಕ್ಕೆ ಎಸೆಯುವಳು, ಮಾತು ಮಾತ್ರ ಪಕ್ಕದ ಮನೆಯವರ ಜೊತೆ ನಡೆದೇ ಇರುವುದು. ಕಣ್ಣು ಮೊರದ ಕಡೆ ಇರುತ್ತಲೂ ಇರಲಿಲ್ಲ. ಇದೇ ಸ್ಕೀರೆ. ಸಂಸ್ಕೃತದವರ "ವಿವೇಕ"ವೂ ಬೇರ್ಪಡಿಸು ಎಂಬ ಅರ್ಥದ ಧಾತುವಿನಿಂದಲೇ ಬಂದದ್ದು. ಹಾಲು ನೀರು ಬೇರೆ ಮಾಡುವ ಹಂಸವನ್ನು ಕವಿಗಳು ಕಂಡರೋ ಇಲ್ಲವೋ, ಅಕ್ಕಿ ಕಲ್ಲು ಬೇರೆ ಮಾಡುವ ಹೆಂಗಸರನ್ನಂತೂ ದಿನಾ ಕಂಡಿರಬೇಕು.

ಇಲ್ಲಿ ನನಗೊಂದು ಆಸೆ ಹುಟ್ಟಿತ್ತು, ಹೇಳಿಬಿಡುತ್ತೇನೆ. ಕನ್ನಡದಲ್ಲಿ "ಅರಿ" ಎಂದರೆ ತಿಳಿ. ಹಳಗನ್ನಡದ ಯುದ್ಧದ ವರ್ಣನೆಗಳಲ್ಲಿ ವೀರರು ತಲೆಗಳನ್ನು "ಅರಿ"ಯುತ್ತಾರೆ, ಅಂದರೆ ಕತ್ತರಿಸುತ್ತಾರೆ. ಆಹಾ! ಲ್ಯಾಟಿನ್ನಿನಲ್ಲಿ ಹೇಗೋ ಕನ್ನಡದಲ್ಲೂ ಹಾಗೆ, ಅರಿವು ಎಂದರೆ ಅರಿಯುವುದು, ತಿಳಿವು ಎಂದರೆ ಕಡಿಯುವುದು! ಒಂದು ಇಡೀ ರಾತ್ರಿ ಈ ಸಂಶೋಧನೆಯ ಸಂತೋಷದಲ್ಲಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಿಟೆಲ್ ನಿಘಂಟು ತೆರೆದಾಗ ಸಂತೋಷ ಮುಗಿಯಿತು. ತಿಳಿ ಎಂಬ ಅರ್ಥದ ಅಱಿ ಹಳಗನ್ನಡದಲ್ಲಿ ಬಂಡಿ ಱಕಾರದ್ದು. ಕತ್ತರಿಸು ಎಂಬ ಅರಿ ಸಾಮಾನ್ಯ ರಕಾರದ್ದು. ತಮಿಳರು ಈ ಎರಡು ರಕಾರವನ್ನು ಬರಹದಲ್ಲಿ ಇವತ್ತಿಗೂ ಬೇರೆ ಬೇರೆ ಇಟ್ಟುಕೊಂಡಿದ್ದಾರೆ, ಅವರಿಗೆ ಈ ಭ್ರಮೆ ಹುಟ್ಟುವುದಿಲ್ಲ. ನಾವು ಆ ಬಂಡಿ ಱಕಾರವನ್ನು ಕೈಬಿಟ್ಟೆವು, ಎರಡು ಪದಗಳು ಒಂದೇ ಮುಖವಾಡ ಹಾಕಿಕೊಂಡು ನನ್ನಂಥವನಿಗೆ ಟೋಪಿ ಹಾಕಿದವು. ಬೇರ್ಪಡಿಸಿ ನೋಡದ ಕಾರಣ ನಾನು ನೆಸ್ಕಿಯುಸ್ ಆದೆ. ಹಳೆಯ ಅರ್ಥದಲ್ಲಿ ಬಹಳ ನೈಸ್ ಮನುಷ್ಯ!

ಹಾಗೆಂದು ಕನ್ನಡಕ್ಕೆ ಇಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ ಎನ್ನಬೇಡಿ. ಲ್ಯಾಟಿನ್ನಿನವರು ತಿಳಿಯದು ಎನ್ನಲು ಹಿಂದೆ ಒಂದು "ನೆ" ಅಂಟಿಸಬೇಕು, ಸಂಸ್ಕೃತದವರು ಅಜ್ಞ ಎನ್ನಲು "ಅ" ಅಂಟಿಸಬೇಕು. ನಾವು "ಅರಿಯೆ" ಎಂದರೆ ಮುಗಿಯಿತು. ಇಲ್ಲ ಎಂಬ ಪದವೇ ಇಲ್ಲದೆ ಇಲ್ಲ ಎನ್ನುವ ಈ ಕ್ರಿಯಾರೂಪ ದ್ರಾವಿಡ ಭಾಷೆಗಳ ಸ್ವಂತ ಆಸ್ತಿ. ಒಲ್ಲೆ, ಕಾಣೆ, ಅರಿಯೆ. ಎಷ್ಟು ನೈಸಾಗಿ ಜಾರಿಕೊಳ್ಳಬಹುದು ನೋಡಿ.

ಈಗ ಅಜ್ಜಿ ಮೊಮ್ಮಗಳ ವ್ಯಾಜ್ಯಕ್ಕೆ ತೀರ್ಪು ಕೊಡಬೇಕು. ಇಂಗ್ಲಿಷಿನಲ್ಲಿ ನೈಸ್‌ಗೆ ನಡುವಯಸ್ಸಿನಲ್ಲಿ ಬಂದಿದ್ದ ಸೂಕ್ಷ್ಮ, ನಿಖರ, ಎಳೆ ಹಿಡಿದು ನೋಡುವುದು ಎಂಬ ಅರ್ಥ ಈಗ ಆ ನಾಡಿನಲ್ಲಿ ಹೆಚ್ಚಾಗಿ ವಕೀಲರ ಮತ್ತು ತತ್ತ್ವಶಾಸ್ತ್ರಜ್ಞರ ಬಾಯಲ್ಲಿ ಉಳಿದಿದೆ. ಎರಡು ವಾದಗಳ ನಡುವಿನ ಕೂದಲೆಳೆ ಅಂತರವನ್ನು ಅವರು ನೈಸ್ ಎನ್ನುತ್ತಾರೆ. ಮಿಕ್ಕವರಿಗೆ ಅದು ಬರೀ "ಚೆನ್ನಾಗಿದೆ". ನಮ್ಮ ಅಡುಗೆಮನೆಯಲ್ಲಿ ಆ ನಡುವಿನ ಅರ್ಥ ಕೈಕಾಲು ಗಟ್ಟಿಯಾಗಿ ಓಡಾಡಿಕೊಂಡಿದೆ. ಅದು ಬ್ರಿಟಿಷರ ಹಳೆಯ ಅರ್ಥವೇ ಇಲ್ಲಿ ಬೀಡುಬಿಟ್ಟದ್ದೋ, ನಯದ ಸಹವಾಸದಲ್ಲಿ ಇಲ್ಲೇ ಹೊಸದಾಗಿ ಹುಟ್ಟಿದ್ದೋ, ಬೇಲಿಯ ಈಚೆ ನಿಂತೇ ಹೇಳಬೇಕಾದ ಮಾತು. ಆದರೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ, ಇದು ತರಿ, ಇದು ನೈಸು ಎಂದು ಬೇರೆ ಮಾಡಿದ ಅಜ್ಜಿ ಮಾಡಿದ್ದು ಆ ಬೇರಿನ ಅಪ್ಪಟ ಕೆಲಸ. ನೋಡಿದ ತಕ್ಷಣ ನೈಸ್ ಎಂದ ಮೊಮ್ಮಗಳೂ ತಪ್ಪಿಲ್ಲ, ಅವಳದ್ದು 18ನೆಯ ಶತಮಾನದ ನಂತರದ ಕಕ್ಷಿ. ಹೀಗೆ ಇಬ್ಬರನ್ನೂ ಗೆಲ್ಲಿಸಿ ನಾನು ಎದ್ದು ಬರುವಷ್ಟರಲ್ಲಿ ಗ್ರೈಂಡರು ನಿಂತಿತ್ತು. ಅಜ್ಜಿ ಮತ್ತೆ ಬೆರಳಿಟ್ಟು ನೋಡಿ, ಮೊಮ್ಮಗಳ ಬೆರಳನ್ನೂ ಹಿಡಿದು ಹಿಟ್ಟಿಗೆ ಅದ್ದಿ, "ಈಗ ನೋಡು" ಎಂದಳು. ಹುಡುಗಿ ಉಜ್ಜಿ ನೋಡಿ ತಲೆಯಾಡಿಸಿದಳು, ಈ ಸಲ ಏನೂ ಹೇಳಲಿಲ್ಲ.

ಮರುದಿನದ ದೋಸೆ ಎರಡೂ ಅರ್ಥದಲ್ಲಿ ನೈಸಾಗಿತ್ತು. ಓದಿದ ಹುಮ್ಮಸ್ಸಿನಲ್ಲಿ ನೀವೂ ಇವತ್ತು ರುಬ್ಬಲು ಕೂರುವುದಾದರೆ ಒಂದು ಮಾತು: ಇದೆಲ್ಲಾ ದೋಸೆಗೆ. ಇಡ್ಲಿಗಾದರೆ ಅಕ್ಕಿಯನ್ನು ನೈಸಾಗಿ ರುಬ್ಬಬೇಡಿ, ತರಿಯಾಗಿಯೇ ಇರಬೇಕು.